ಯಾವ ವರ್ಷದ ಭಾರ

ಪಾಠಪಟ್ಟಿಯೊಂದರ ಮೇಲೆ ನಾನು ಎಳೆದ ಅಡ್ಡ ಗೆರೆಯಿಂದ ಮೂರು ಜನ ಸತ್ತರು. ನಾಲ್ಕನೆಯವನ ನೌಕರಿ ಹೋಯಿತು, ಹೆಸರು ಹೋಯಿತು. ನನಗೆ ಏನೂ ಆಗಲಿಲ್ಲ, ಬದಲಿಗೆ ಬಡ್ತಿಯಾಯಿತು. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಬರೆಯುವಾಗ ನನ್ನನ್ನು ನಾನೇ ಚಂದಗಾಣಿಸಿಕೊಳ್ಳುವ ಚಪಲ ಕಡಿಮೆಯಾದೀತು ಅಂತ ಹೇಳುತ್ತಿದ್ದೇನೆ. ಆ ಚಪಲ ನನಗೆ ತುಸು ಹೆಚ್ಚೇ ಇದೆ.

ಐವತ್ತರ ದಶಕದ ಮೊದಲ ವರ್ಷಗಳವು. ನಾವಿನ್ನೂ ಮುಂಬೈ ಸರ್ಕಾರದ ಕೆಳಗಿದ್ದೆವು. ಹಳ್ಳಿಹಳ್ಳಿಗೆ ಸಾಲೆ, ದವಾಖಾನೆ ಕಟ್ಟಬೇಕೆಂದು ಹುಕುಂ ಬರುತ್ತಿತ್ತು. ಕಟ್ಟಿಸಲು ಮಾತ್ರ ನಕ್ಷೆ ಓದಬಲ್ಲ, ಲೆಕ್ಕ ಹಾಕಬಲ್ಲ ಜನ ಇರಲಿಲ್ಲ. ಹಾಗಾಗಿ ರೋಣದಲ್ಲಿ ಕಟ್ಟಡದ ಓವರ್‌ಸಿಯರ್‌ಗಳನ್ನು ತಯಾರು ಮಾಡಲು ಒಂದು ವರ್ಷದ ತರಗತಿ ತೆರೆದರು. ನಾನು ನರಗುಂದದವನು. ಪುಣೆಯಲ್ಲಿ ಇಂಜಿನಿಯರಿಂಗ್ ಓದಿ ಬಂದಿದ್ದೆ, ಇನ್ನೂ ಮೂವತ್ತು ಆಗಿರಲಿಲ್ಲ, ತಲೆ ಮಾತ್ರ ಆಕಾಶದಲ್ಲಿತ್ತು. ನನ್ನನ್ನು ಅಲ್ಲಿ ಶಿಕ್ಷಕನನ್ನಾಗಿ ಹಾಕಿದರು. ಮೊದಲು ಅರಳೆ ತುಂಬುತ್ತಿದ್ದ ಗೋದಾಮಿನಲ್ಲಿ ನಮ್ಮ ತರಗತಿ. ಗಾಳಿ ಬಿಟ್ಟರೆ ಮೂಲೆಯಿಂದ ಹಳೆಯ ಅರಳೆ ಹಾರಿ ಬಂದು ನಕ್ಷೆಯ ಹಸಿ ಮಸಿಗೆ ಅಂಟಿಕೊಳ್ಳುತ್ತಿತ್ತು.

ಮೇಲಿನಿಂದ ಬಂದ ಪಾಠಪಟ್ಟಿ ಯಾವುದೋ ಇಂಗ್ಲಿಷ್ ಪುಸ್ತಕದ ಮರಿಯಾಗಿತ್ತು. ಇಳಿಜಾರು ಚಾವಣಿಯ ಮೇಲೆ ಹಿಮ ಬಿದ್ದರೆ ತೊಲೆಗೆ ಎಷ್ಟು ಭಾರ ಎಂಬುದಕ್ಕೆ ಅದರಲ್ಲಿ ಎರಡು ಪೂರಾ ವಾರ ಕೊಟ್ಟಿದ್ದರು. ಹಿಮ! ನಮ್ಮ ಕಡೆ ಆಣೆಕಲ್ಲು ಬಿದ್ದರೇ ವರ್ಷಗಟ್ಟಲೆ ಮಾತಾಡುತ್ತಾರೆ. ಈ ಪಟ್ಟಿಯನ್ನು ಸ್ಥಳಕ್ಕೆ ಹೊಂದುವಂತೆ ತಿದ್ದಿ ಕಳಿಸಿರಿ ಎಂದು ನನಗೇ ಪತ್ರ ಬಂತು. ನಾನು ಉಬ್ಬಿಹೋದೆ. ಎರೆಭೂಮಿಯಲ್ಲಿ ಪಾಯ ತೆಗೆಯುವುದು, ಗಜೇಂದ್ರಗಡದ ಗುಡ್ಡದ ಕಲ್ಲು, ಸುಣ್ಣದ ಗಾರೆ ಎಲ್ಲ ಸೇರಿಸಿದೆ. ನಮ್ಮ ಕಡೆಯ ಮಣ್ಣಿನ ಮಾಳಿಗೆಯನ್ನೂ ಸೇರಿಸಿದೆ. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಅಡ್ಡ ಕಟ್ಟಿಗೆ, ಅದರ ಮೇಲೆ ಬೇವಿನ ತಪ್ಪಲು, ಕೊನೆಗೆ ಮಣ್ಣು. ಇದಕ್ಕೆ ಎರಡು ಪಾಠ ಬರೆದೆ. ಒಂದು ಮಾಳಿಗೆ ಕಟ್ಟುವುದು, ಇನ್ನೊಂದು ಅದನ್ನು ವರ್ಷ ವರ್ಷ ಕಾಯುವುದು.

ಈ ಎರಡನೆಯ ಪಾಠದಲ್ಲಿ ಇದ್ದದ್ದೇನೆಂದರೆ, ಮಾಳಿಗೆಯ ಮಣ್ಣು ಮಳೆಗೆ ತೊಳೆದು ಬಿರಿಯುತ್ತದೆ. ಅದಕ್ಕೇ ಬೇಸಿಗೆಯ ಕೊನೆಗೆ ಪ್ರತಿ ಮನೆಯವರೂ ಬಂಡಿಯಲ್ಲಿ ನೀರು ಇಳಿಯಗೊಡದ ಸವುಳು ಮಣ್ಣು ತಂದು ಮೇಲೆ ಒಂದು ಪದರ ಹಾಸಿ ಬಡಿಯುತ್ತಾರೆ. ಹಾಸಿದ್ದರಲ್ಲಿ ಸ್ವಲ್ಪ ತೊಳೆದುಹೋಗುತ್ತದೆ, ಬಹಳಷ್ಟು ಉಳಿಯುತ್ತದೆ. ಹೀಗೆ ಮಾಳಿಗೆ ವರ್ಷಕ್ಕಿಷ್ಟು ದಪ್ಪವಾಗುತ್ತಾ ಹೋಗುತ್ತದೆ. ನರಗುಂದದ ನಮ್ಮ ಮನೆಯ ಕುಂಬಿಯಲ್ಲಿ, ಅಂದರೆ ಮಾಳಿಗೆಯ ಸುತ್ತಲಿನ ಗಿಡ್ಡ ಗೋಡೆಯಲ್ಲಿ, ಒಳಮಗ್ಗುಲಿಗೆ ಒಂದು ಕೆಂಪು ಕಲ್ಲು ಚಾಚಿಕೊಂಡಿತ್ತು. ಮಣ್ಣು ಆ ಕಲ್ಲು ಮುಟ್ಟಿತೆಂದರೆ ಆ ಬೇಸಿಗೆ ಹೊಸ ಮಣ್ಣು ಹಾಕುವಂತಿಲ್ಲ. ಬೇವಿನ ತಪ್ಪಲಿನವರೆಗೂ ಎಲ್ಲ ಕೆದರಿ ಕೆಳಗೆ ಹಾಕಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ವರ್ಷಕ್ಕೊಮ್ಮೆ ಅವ್ವ ಸೆರಗು ಸಿಗಿಸಿಕೊಂಡು ನಿಚ್ಚಣಿಕೆ ಹತ್ತಿ, ಮೇಲಿನಿಂದಲೇ ಅಪ್ಪನಿಗೆ ಕೂಗಿ ಹೇಳುತ್ತಿದ್ದಳು: “ಕಲ್ಲ ಇನ್ನೂ ಕಾಣತೈತಿ. ಇನ್ನ ಎರಡ ವರ್ಷ ನಡೀತೈತಿ.”

ಪಟ್ಟಿ ತರಗತಿಯ ಮೂವತ್ತಾರು ವಾರಕ್ಕೆ ಹೊಂದಲಿಲ್ಲ. ಒಂದು ಪಾಠ ಬಿಡಬೇಕಿತ್ತು. ಹಿಮ ಬಿಡಬಹುದಿತ್ತು, ಆದರೆ ವಾರ್ಷಿಕ ಪರೀಕ್ಷೆಯ ಪ್ರಶ್ನೆ ತೆಗೆಯುವವರು ಶಹರದವರು, ಅವರಿಗೆ ಹಿಮದ ಮೇಲೆ ಪ್ರೀತಿ. ನಾನು ಮಾಳಿಗೆ ಕಾಯುವ ಪಾಠಕ್ಕೆ ಅಡ್ಡ ಗೆರೆ ಎಳೆದೆ. ಪಕ್ಕದಲ್ಲಿ ನೀಟಾಗಿ ಬರೆದೆ: ಇದು ಇಲ್ಲಿಯ ಎಲ್ಲರಿಗೂ ಗೊತ್ತಿರುವ ಸಂಗತಿ, ಕಲಿಸುವ ಅಗತ್ಯವಿಲ್ಲ. ಪತ್ರ ಕಳಿಸಿ ಚಹಾ ಕುಡಿದೆ. ಮನಸ್ಸಿಗೆ ಏನೂ ಅನ್ನಿಸಲಿಲ್ಲ. ಅವ್ವನ ಕೆಂಪು ಕಲ್ಲಿಗೆ ಪುಣೆಯ ಪುಸ್ತಕದಲ್ಲಿ ಹೆಸರೇ ಇರಲಿಲ್ಲ, ಹೆಸರಿಲ್ಲದ್ದನ್ನು ವಿದ್ಯೆ ಎಂದು ಒಪ್ಪುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ.

ಮೊದಲ ವರ್ಷದ ತರಗತಿಯಲ್ಲಿ ಗಜೇಂದ್ರಗಡದ ನೇಕಾರನೊಬ್ಬನಿದ್ದ. ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡವನು, ಮದುವೆಯಾಗಿ ಇಬ್ಬರು ಮಕ್ಕಳಿದ್ದರು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವ ಮನೆತನ ಅವರದು. ಐವತ್ತು ದಾಟುವುದರೊಳಗೆ ಅವನ ಅಪ್ಪನ ಮೊಣಕಾಲು ಚಾಚಲಾಗದಂತೆ ಹಿಡಿದುಹೋಗಿದ್ದವು, ಕಟ್ಟೆಗೆ ಬರಬೇಕಾದರೂ ಇಬ್ಬರು ಎತ್ತಿ ತರಬೇಕಿತ್ತು. ಇವನಿಗೂ ಆಗಲೇ ನೋವು ಶುರುವಾಗಿತ್ತು. ಮಗ್ಗವನ್ನು ಹೆಂಡತಿಗೆ ಒಪ್ಪಿಸಿ ಹಳೆಯ ಏಳನೇ ಇಯತ್ತೆಯ ಸರ್ಟಿಫಿಕೇಟು ಹಿಡಿದುಕೊಂಡು ಬಂದಿದ್ದ. ಮೊದಲ ದಿನವೇ ನನ್ನ ಮುಂದೆ ನಿಂತು, “ಸರ, ನೀವು ಏನ ಕಲಿಸ್ತೀರಿ ಎಲ್ಲಾ ಕಲೀತೀನ್ರಿ. ಒಟ್ಟ ನಾ ಮತ್ತ ಆ ಗುಂಡಿಗೆ ಇಳ್ಯಾಂಗಿಲ್ರಿ” ಅಂದ. ಕೇಳಿದರೆ ಬೇಡಿಕೊಂಡ ಹಾಗೆ ಇರಲಿಲ್ಲ, ಆಣೆ ಇಟ್ಟ ಹಾಗಿತ್ತು.

ಅವನಂಥ ವಿದ್ಯಾರ್ಥಿಯನ್ನು ಮುಂದೆ ನಾನು ಕಾಣಲಿಲ್ಲ. ಎಳೆ ಎಣಿಸಿದ ಕಣ್ಣು ಅದು, ನಕ್ಷೆಯ ಗೆರೆ ಕೂದಲಷ್ಟು ಸರಿದರೂ ಹಿಡಿಯುತ್ತಿತ್ತು. ನನ್ನ ಕಲಿಸುವ ಪದ್ಧತಿಯಾದರೂ ಏನು? ನಾನು ಕರಿಹಲಗೆಯ ಮೇಲೆ ಬರೆಯಬೇಕು, ಅವರು ಇಳಿಸಿಕೊಳ್ಳಬೇಕು, ಕೋಷ್ಟಕ ಬಾಯಿಪಾಠ ಒಪ್ಪಿಸಬೇಕು. ಗೋದಾಮಿನಿಂದ ಹೊರಗೆ ಹತ್ತು ಹೆಜ್ಜೆ ಇಟ್ಟರೆ ರೋಣದ ನೂರಾರು ಮಾಳಿಗೆಗಳಿದ್ದವು. ಒಂದು ದಿನವಾದರೂ ಅವರನ್ನು ಕರೆದುಕೊಂಡು ಒಂದು ಮಾಳಿಗೆ ಹತ್ತಲಿಲ್ಲ. ಹತ್ತಿದ್ದರೆ ಕಲ್ಲು ತೋರಿಸಬೇಕಾಗುತ್ತಿತ್ತು.

ಅರೆವಾರ್ಷಿಕ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕೊಟ್ಟೆ. ಇಂತಿಷ್ಟು ಉದ್ದಗಲದ ಕೋಣೆ, ಮೇಲೆ ಮಣ್ಣಿನ ಮಾಳಿಗೆ, ನಡುವಿನ ತೊಲೆಯ ಮೇಲೆ ಬೀಳುವ ಭಾರ ಎಷ್ಟು? ಎಲ್ಲರೂ ಪುಸ್ತಕದ ಅಂಕಿ ಹಿಡಿದು ಒಂದು ಉತ್ತರ ಬರೆದಿದ್ದರು. ನೇಕಾರ ಮೊದಲ ಸಾಲಿನಲ್ಲೇ ಬರೆದಿದ್ದ: ಯಾವ ವರ್ಷದ ಭಾರ? ಹೊಸ ಮಾಳಿಗೆಯದೋ, ಮಣ್ಣು ಕಲ್ಲು ಮುಟ್ಟಿದ ವರ್ಷದ್ದೋ? ಕೆಳಗೆ ಎರಡೂ ಲೆಕ್ಕ ಮಾಡಿದ್ದ. ಎರಡನೆಯದು ಮೊದಲಿನದಕ್ಕಿಂತ ಸುಮಾರು ಎರಡು ಪಟ್ಟು ಬಂದಿತ್ತು. ಕೊನೆಗೆ ಅಂಚಿನಲ್ಲಿ ಒಂದು ಸಣ್ಣ ಕುಂಬಿ ಬರೆದು, ಅದರಲ್ಲಿ ಚಾಚಿದ ಕಲ್ಲನ್ನೂ ಬರೆದಿದ್ದ.

ಅದು ಸರಿಯಾದ ಉತ್ತರ ಎಂದು ನನಗೆ ಓದಿದ ಕ್ಷಣವೇ ಗೊತ್ತಾಯಿತು. ಆದ್ದರಿಂದಲೇ ಸಿಟ್ಟು ಬಂತು. ನಾನು ಗೆರೆ ಹೊಡೆದು ಮುಚ್ಚಿದ್ದನ್ನು ಇವನು ತೆಗೆದು ನನ್ನ ಮುಂದೆಯೇ ಹರವಿದ್ದ. ಕೆಂಪು ಮಸಿಯಿಂದ ದೊಡ್ಡ ಸೊನ್ನೆ ಸುತ್ತಿ, “ಕೇಳಿದ್ದಕ್ಕಷ್ಟೇ ಉತ್ತರ ಬರೆಯಬೇಕು” ಎಂದು ಬರೆದೆ. ಅಷ್ಟಕ್ಕೆ ಬಿಡಲಿಲ್ಲ, ತರಗತಿಯಲ್ಲಿ ಅವನನ್ನು ನಿಲ್ಲಿಸಿ ಗಟ್ಟಿಯಾಗಿ ಓದಿದೆ.

“ಸರ, ಮಾಳಿಗಿ ಮಾಡಿದಾಂಗ ಉಳಿಯಾಂಗಿಲ್ರಿ. ಬೆಳೀತೈತ್ರಿ” ಅಂದ ಅವನು.

“ಬೆಳ್ಯಾಕ ಅದೇನ ಜ್ವಾಳದ ಹೊಲಾ ಏನಪಾ?” ಅಂದೆ.

ತರಗತಿ ಹೋ ಎಂದು ನಕ್ಕಿತು. ನಕ್ಕವರೆಲ್ಲರ ಮನೆಯ ಕುಂಬಿಯಲ್ಲೂ ಕಲ್ಲು ಇತ್ತು. ಅವನು ನಗಲಿಲ್ಲ, ವಾದಿಸಲೂ ಇಲ್ಲ. “ತಪ್ಪಾತ್ರಿ” ಅಂದು ಕೂತ. ಗುಂಡಿಗೆ ಮತ್ತೆ ಇಳಿಯಬಾರದೆಂದರೆ ನನ್ನನ್ನು ಮೆಚ್ಚಿಸಬೇಕು ಎಂಬುದು ಅವನಿಗೆ ಅವತ್ತು ತಿಳಿಯಿತು. ವಾರ್ಷಿಕ ಪರೀಕ್ಷೆಯಲ್ಲಿ ಅಂಥದೇ ಪ್ರಶ್ನೆ ಬಂದಾಗ ಒಂದೇ ಒಂದು ಅಂಕಿ ಬರೆದು ತರಗತಿಗೆ ಮೊದಲಿಗನಾಗಿ ಪಾಸಾದ. ಆ ಅರೆವಾರ್ಷಿಕ ಪೇಪರನ್ನು ನಾನು ಉಳಿದವುಗಳ ಜೊತೆ ಇಡಲಿಲ್ಲ, ನನ್ನ ಟ್ರಂಕಿಗೆ ಹಾಕಿದೆ. ಯಾಕೆ ಹಾಕಿದೆನೋ. ಚುಚ್ಚಿದ ಮುಳ್ಳನ್ನು ತೆಗೆದ ಮೇಲೂ ಒಮ್ಮೆ ನೋಡಿ ಎಸೆಯುತ್ತೇವಲ್ಲ, ಹಾಗೆ ನೋಡಿ ಎಸೆಯದೆ ಉಳಿದದ್ದು ಅದು.

ಅವನಿಗೆ ಲಗೂನೇ ಓವರ್‌ಸಿಯರ್ ಕೆಲಸ ಸಿಕ್ಕಿತು. ಖಾಕಿ ಅರ್ಧಚಣ್ಣ, ತಲೆಗೆ ಟೊಪ್ಪಿಗೆ, ಸೈಕಲ್ಲು. ಮೊದಲ ಕೆಲಸ ಜಕ್ಕಲಿಯಿಂದ ಆಚೆ ಒಂದು ಹಳ್ಳಿಯ ಸಾಲೆ. ಊರಿನ ಹೆಸರು ಬರೆಯುವುದಿಲ್ಲ, ಆ ಊರಿಗೆ ಅದು ಬೇಡ. ನಾನು ತರಗತಿಗೆಂದು ಬರೆದ ಮಾದರಿ ನಕ್ಷೆಯನ್ನೇ ಅವನು ಹಿಡಿದಿದ್ದ. ತೊಲೆಯ ಲೆಕ್ಕವನ್ನು ನನಗೆ ತೋರಿಸಲು ರೋಣಕ್ಕೆ ಬಂದ. ಪುಸ್ತಕದ ಅಂಕಿ, ಪುಸ್ತಕದ ತೊಲೆ, ಎಲ್ಲ ಸರಿ. ನನ್ನ ನಕ್ಷೆಯಲ್ಲಿದ್ದಂತೆ ಅವನದರಲ್ಲೂ ಕುಂಬಿ ನುಣ್ಣಗಿತ್ತು, ಕಲ್ಲು ಇರಲಿಲ್ಲ. ಕಲ್ಲಿನ ಮಾತನ್ನು ಅವನೂ ಎತ್ತಲಿಲ್ಲ, ಅಷ್ಟು ಚೆನ್ನಾಗಿ ಕಲಿಸಿದ್ದೆ ನಾನು. ಬೆನ್ನು ತಟ್ಟಿ ಕಳಿಸಿದೆ.

ಊರಿಗೆ ಅದು ಮೊದಲ ಸಾಲೆ. ಅಲ್ಲಿಯವರೆಗೆ ಮಕ್ಕಳು ಗುಡಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಜನಕ್ಕೆ ಸಾಲೆಯ ಮೇಲೆ ಎಂಥ ಪ್ರೀತಿ ಎಂದರೆ, ಬೇಸಿಗೆಯ ಕೊನೆಗೆ ತಮ್ಮ ಮಾಳಿಗೆಗೆ ಮಣ್ಣು ಹಾಕುವ ಮುಂಚೆ ಸಾಲೆಗೆ ಹಾಕುತ್ತಿದ್ದರು. ಮನೆಗೊಂದು ಬುಟ್ಟಿ ಎಂದು ಗೊತ್ತು ಮಾಡಿದರು. ಹೆಂಗಸರು ಸಾಲಾಗಿ ಹೊತ್ತು ತಂದು ಸುರಿದರು. ಮಕ್ಕಳು ಹೆಚ್ಚಿದ್ದ ಮನೆಯವರು ಎರಡು ಬುಟ್ಟಿ ಹಾಕಿದರು. ಸ್ವಂತ ಮನೆಗೆ ಬೆರಳಷ್ಟು ಹಾಸುವವರು ಊರೆಲ್ಲ ಸೇರಿ ಸಾಲೆಗೆ ಗೇಣಿನ ಹತ್ತಿರ ಹಾಸಿದರು. ಸ್ವಂತ ಮನೆಯಾದರೆ ಹೆಂಡತಿಯೋ ತಾಯಿಯೋ ಹತ್ತಿ ಕಲ್ಲು ನೋಡಿ ಸಾಕು ಅನ್ನುತ್ತಾರೆ. ಸಾಲೆಯ ಕುಂಬಿಯಲ್ಲಿ ನೋಡಲು ಕಲ್ಲೂ ಇಲ್ಲ, ಸಾಕು ಅನ್ನಲು ಮನೆಯೊಡತಿಯೂ ಇಲ್ಲ. ಹೀಗೆ ಮೂರು ಬೇಸಿಗೆ ನಡೆಯಿತು.

ಮೂರನೆಯ ಮಳೆಗಾಲದಲ್ಲಿ ಎರಡು ದಿನ ಬಿಡದೆ ಜಡಿ ಹಿಡಿಯಿತು. ಬೆಳಿಗ್ಗೆ ಪಾಠ ನಡೆದಾಗ ತೊಲೆ ಒಮ್ಮೆ ಲಟಕ್ ಎಂದಿತಂತೆ. ಸಾಲೆಯ ಮಾಸ್ತರರು ಮಕ್ಕಳನ್ನೆಲ್ಲ ಹೊರಗೆ ಓಡಿಸಿದರು. ಮೂಲೆಯಲ್ಲಿ ಹೆದರಿ ಕೂತ ಇಬ್ಬರು ಹೆಣ್ಣುಮಕ್ಕಳನ್ನು ಕರೆತರಲು ತಾವು ಮತ್ತೆ ಒಳಗೆ ಹೋದರು. ಮೂವರೂ ಹೊರಗೆ ಬರಲಿಲ್ಲ.

ಸುದ್ದಿ ಕೇಳಿ ಮರುದಿನ ನಾನು ಹೋದೆ. ಹೆಣಗಳನ್ನು ಆಗಲೇ ತೆಗೆದಿದ್ದರು. ಮುರಿದ ತೊಲೆಯ ಪಕ್ಕ ಮಣ್ಣು ಹೆಂಟೆ ಹೆಂಟೆಯಾಗಿ ಬಿದ್ದಿತ್ತು. ಒಂದು ಹೆಂಟೆಯಲ್ಲಿ ಮೂರು ವರ್ಷದ ಮೂರು ಪದರ ಎಣಿಸುವಷ್ಟು ಸ್ಪಷ್ಟವಾಗಿದ್ದವು. ನಾನು ಜೇಬಿನಿಂದ ಅಳತೆಪಟ್ಟಿ ತೆಗೆದು ಅಳೆಯಲು ಕೂತೆ. ಇಂಥ ಹೊತ್ತಿನಲ್ಲೂ ಅಳೆಯುವುದೊಂದೇ ನನಗೆ ಬರುತ್ತಿತ್ತು. ಸತ್ತ ಹುಡುಗಿಯೊಬ್ಬಳ ತಾಯಿ ಎದುರಿಗೆ ಕೂತಿದ್ದಳು. ಅಳುವುದು ಮುಗಿದುಹೋಗಿತ್ತು.

“ಈ ಮಣ್ಣ ನಾನ ಹೊತ್ತ ಹಾಕಿದ್ದರಿ” ಅಂದಳು. “ಎರಡ ಬುಟ್ಟಿ. ಮಳಿ ಸೋರಿ ಕೂಸಿನ ಪಾಟಿ ಪುಸ್ತಕ ತೊಯ್ಯಬಾರದಂತ.”

ನಾನು ಅಳತೆಪಟ್ಟಿ ಮಡಚಿ ಜೇಬಿಗೆ ಹಾಕಿದೆ. ಅಲ್ಲಿಂದ ನೇರ ನರಗುಂದಕ್ಕೆ ಹೋದೆ, ಊಟಕ್ಕೆ ಕೂತಾಗ ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: “ಸಾಲಿಗೆ ಕಲ್ಲ ಇಟ್ಟಿದ್ದಿಲ್ಲೇನ?”

ವಿಚಾರಣೆ ರೋಣದ ಪ್ರವಾಸಿ ಮಂದಿರದಲ್ಲಿ ನಡೆಯಿತು. ಶಹರದಿಂದ ಹಿರಿಯ ಇಂಜಿನಿಯರರೊಬ್ಬರು ಬಂದಿದ್ದರು. ನೇಕಾರನನ್ನು ಆಗಲೇ ಕೆಲಸದಿಂದ ತಡೆದಿದ್ದರು. ಅವನ ನೌಕರಿ ಉಳಿಯುವುದು, ಹೋಗುವುದು ಅವತ್ತು ನಾನು ಹೇಳುವ ಮಾತಿನ ಮೇಲೆ ನಿಂತಿತ್ತು. ನನ್ನ ಕೈಚೀಲದಲ್ಲಿ ಆ ಹಳೆಯ ಪೇಪರು ಇತ್ತು. ಬೆಳಿಗ್ಗೆ ಟ್ರಂಕಿನಿಂದ ತೆಗೆದು ಹಾಕಿಕೊಂಡು ಬಂದಿದ್ದೆ, ತೋರಿಸಲೆಂದೇ.

“ಲೆಕ್ಕ ಸರಿ ಐತೇನು?” ಎಂದು ಕೇಳಿದರು ಹಿರಿಯರು.

“ಪಾಠದ ಪ್ರಕಾರ ಸರಿ ಐತ್ರಿ.”

“ಮತ್ತ ಯಾಕ ಬಿತ್ತು?”

“ಮಂದಿ ಮಣ್ಣ ಭಾಳ ಹಾಕಿದ್ರು.”

“ಮಣ್ಣ ಹಾಕ್ತಾರಂತ ಓವರ್‌ಸಿಯರ್‌ಗೆ ನೀವು ಕಲಿಸಿದ್ರೇನು?”

ಇಲ್ಲಿ ನಾನು ಚೀಲಕ್ಕೆ ಕೈ ಹಾಕಬೇಕಿತ್ತು. ಅವನು ನನ್ನನ್ನು ಕೇಳಿದ್ದ, ನಾನು ಸೊನ್ನೆ ಕೊಟ್ಟು ನಗಿಸಿ ಅವನ ಬಾಯಿ ಮುಚ್ಚಿಸಿದೆ, ತಪ್ಪು ನನ್ನ ಪಾಠಪಟ್ಟಿಯದು ಎಂದು ಹೇಳಬೇಕಿತ್ತು. ಪೇಪರು ತೋರಿಸಿದರೆ ‘ಗೊತ್ತಿದ್ದೂ ಕಟ್ಟಿದ’ ಎಂದು ಅವನ ಮೇಲೇ ತಿರುಗಬಹುದು ಎಂಬ ನೆವವೂ ಆ ಕ್ಷಣಕ್ಕೆ ಚಲೋ ಹೊಳೆಯಿತು. ನೆವ ಹುಡುಕುವುದರಲ್ಲಿ ನನ್ನ ಬುದ್ಧಿ ಯಾವಾಗಲೂ ಚುರುಕು. ಖರೇ ಹೇಳಬೇಕೆಂದರೆ ನಾನು ಹೆದರಿದೆ. ಬಾಯಿಂದ ಬಂದದ್ದು ಪಾಠಪಟ್ಟಿಯ ಅಂಚಿನಲ್ಲಿ ಬರೆದ ಅದೇ ವಾಕ್ಯ: “ಅದು ಇಲ್ಲಿಯ ಎಲ್ಲರಿಗೂ ಗೊತ್ತಿರೋ ಸಂಗತಿ ಐತ್ರಿ. ಕಲಿಸೋ ಅಗತ್ಯ ಇಲ್ಲ.”

ಹಿರಿಯರು ತಲೆ ಅಲ್ಲಾಡಿಸಿ ಬರೆದುಕೊಂಡರು. ಎಲ್ಲರಿಗೂ ಗೊತ್ತಿದ್ದರೆ ಅವನಿಗೂ ಗೊತ್ತಿತ್ತು, ಗೊತ್ತಿದ್ದೂ ನೋಡಿಕೊಳ್ಳಲಿಲ್ಲ. ಆ ಒಂದು ವಾಕ್ಯದಲ್ಲಿ ಅವನ ಕೆಲಸ ಮುಗಿಯಿತು.

ಹೊರಗೆ ಬಂದಾಗ ಅವನು ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದ. ಗಡ್ಡ ಬೆಳೆದಿತ್ತು. ನನ್ನನ್ನು ನೋಡಿ ಟೊಪ್ಪಿಗೆ ತೆಗೆದ.

“ಸರ, ಒಂದ ಮಾತ ಕೇಳ್ಲೇನ್ರಿ? ನೌಕರಿ ಸಂಬಂಧ ಅಲ್ಲ. ನಾಕ ದಿನ ಆತು, ನನಗ ನಿದ್ದಿ ಇಲ್ಲ. ನಾ ಒಮ್ಮೆ ಪರೀಕ್ಷಾದಾಗ ಕೇಳಿದ್ನೆಲ್ರಿ, ಯಾವ ವರ್ಷದ ಭಾರ ಅಂತ? ಖರೇ ಕೇಳಿದ್ನೋ, ಇಲ್ಲಾ ಈಗ ಸಂಕಟಕ್ಕ ನಾನ ಹುಟ್ಟಿಸಿಕೊಂಡೀನೋ ತಿಳೀವಲ್ದು. ನಿಮಗ ನೆನಪೈತೇನ್ರಿ?”

ಅವನ ಕಣ್ಣು ನನ್ನ ಮುಖದ ಮೇಲಿತ್ತು. ಪೇಪರು ನನ್ನ ಕಂಕುಳಲ್ಲಿದ್ದ ಚೀಲದಲ್ಲಿತ್ತು, ಒಂದು ಬಟ್ಟೆಯ ಅಂತರ.

“ಎಷ್ಟ ಮಂದಿ, ಎಷ್ಟ ಪೇಪರ್” ಅಂದೆ. “ನೆನಪಿಲ್ಲ.”

“ಹೌದ್ರಿ, ಹ್ಯಾಂಗ ನೆನಪಿರತೈತಿ” ಅಂದ. ನನಗೆ ಬೇಜಾರಾಯಿತೇನೋ ಎಂದು ಅವನೇ ಸಮಾಧಾನದ ದನಿಯಲ್ಲಿ, “ಇರ್ಲಿ ಬಿಡ್ರಿ ಸರ” ಎಂದೂ ಸೇರಿಸಿದ.

ಮುಂದಿನದು ಬರೆಯಲು ನಾಚಿಕೆಯಾಗುತ್ತದೆ. ಎರಡು ವರ್ಷ ಕಳೆಯುವುದರೊಳಗೆ ನಾವು ಮೈಸೂರು ರಾಜ್ಯಕ್ಕೆ ಸೇರಿದ್ದೆವು, ಹೊಸ ಪಾಠಪಟ್ಟಿ ಬೇಕಾಯಿತು. ಮತ್ತೆ ನನಗೇ ಹೇಳಿದರು. ಈ ಸಲ ಹಿಮಕ್ಕೆ ಗೆರೆ ಎಳೆದೆ. ಮಾಳಿಗೆ ಕಾಯುವ ಪಾಠಕ್ಕೆ ಮೂರು ವಾರ ಕೊಟ್ಟೆ. ಆ ಪಾಠ ಶುರುವಾಗುವುದೇ ಒಂದು ಪ್ರಶ್ನೆಯಿಂದ: ಯಾವ ವರ್ಷದ ಭಾರ? ಕೆಳಗೆ ಎರಡು ಲೆಕ್ಕ. ಅಂಚಿನಲ್ಲಿ ಕಲ್ಲಿನ ಚಿತ್ರ. ಟ್ರಂಕಿನ ಪೇಪರನ್ನು ಮುಂದಿಟ್ಟುಕೊಂಡು ಅಕ್ಷರ ಅಕ್ಷರ ಇಳಿಸಿದೆ. ವಿದ್ಯಾರ್ಥಿಗಳನ್ನು ಗೋದಾಮಿನಿಂದ ಹೊರಗೆ ಕರೆತಂದು ನಿಚ್ಚಣಿಕೆ ಹತ್ತಿಸಿದೆ. ಸ್ಥಳೀಯ ಅನುಭವವನ್ನು ಶಿಕ್ಷಣಕ್ಕೆ ತಂದ ಯೋಗ್ಯ ಶಿಕ್ಷಕ ಎಂದು ಮೇಲಿನವರು ಮೆಚ್ಚಿ ಬರೆದರು. ಬಡ್ತಿ ಬಂದದ್ದು ಆಗ.

ಆ ಪತ್ರ ಓದಿದ ದಿನದಿಂದ ಅನ್ನ ರುಚಿಸಲಿಲ್ಲ. ಒಂದು ರವಿವಾರ ಪೇಪರು ತೆಗೆದುಕೊಂಡು ಗಜೇಂದ್ರಗಡಕ್ಕೆ ಹೋದೆ. ಅವನಿಗೆ ಒಪ್ಪಿಸಿಬಿಡಬೇಕು, ನೀನು ಹುಟ್ಟಿಸಿಕೊಂಡದ್ದಲ್ಲಪ್ಪ, ಖರೇ ಕೇಳಿದ್ದೆ ಎಂದು ಹೇಳಬೇಕು. ಅಷ್ಟು ಹೇಳಿದರೆ ಅವನಿಗೆ ಹಗುರಾದೀತು ಎಂದು ನನ್ನ ಲೆಕ್ಕ. ಭಾರದ ಲೆಕ್ಕದಲ್ಲಿ ನನಗೆ ಇನ್ನೂ ಬುದ್ಧಿ ಬಂದಿರಲಿಲ್ಲ.

ಮಗ್ಗದ ಸದ್ದು ಹಿಡಿದುಕೊಂಡು ಮನೆ ಹುಡುಕಿದೆ. ಅವನು ಗುಂಡಿಯಲ್ಲಿ ಕೂತಿದ್ದ. ಎದ್ದು ನಿಲ್ಲಲು ನೋಡಿದ, ಮೊಣಕಾಲು ಬಿಡಲಿಲ್ಲ, ನಾನೇ ಬೇಡ ಎಂದೆ. ಹೆಂಡತಿಗೆ ಚಹಾ ಇಡಲು ಕೂಗಿದ. “ಸರ ಬಂದಾರ ನೋಡ” ಎಂದು ಮಕ್ಕಳಿಗೆ ಹೇಳುವಾಗ ದನಿಯಲ್ಲಿ ಖುಷಿ ಇತ್ತು, ಖರೇ ಖುಷಿ. ನಾನು ಪೇಪರನ್ನು ಮಗ್ಗದ ಮೇಲೆ, ಅರ್ಧ ನೇಯ್ದ ಸೀರೆಯ ಮೇಲೆ ಇಟ್ಟೆ.

ಅವನು ಕೈ ಒರೆಸಿಕೊಂಡು ಎತ್ತಿಕೊಂಡ. ತನ್ನ ಅಕ್ಷರ ಓದಿದ. ಕಲ್ಲಿನ ಚಿತ್ರದ ಮೇಲೆ ಬೆರಳು ಇಟ್ಟ. ಕೆಂಪು ಸೊನ್ನೆಯನ್ನೂ ನೋಡಿದ. ಮುಖದಲ್ಲಿ ಮೊದಲು ಬೆಳಕು ಬಂತು, ನಾನು ಅದನ್ನು ಕಂಡೆ. ಆಮೇಲೆ ಅವನು ಪೇಪರಿನ ಮಡಿಕೆ ನೋಡಿದ, ಹಳದಿಯಾದ ಅಂಚು ನೋಡಿದ, ಇದು ಇಷ್ಟು ವರ್ಷ ಎಲ್ಲಿತ್ತು ಎಂದು ಯೋಚಿಸಿದ. ಬೆಳಕು ಹೋಯಿತು.

“ಹಂಗಾರ ನಿಮಗ ನೆನಪಿತ್ತು” ಅಂದ.

ಅವನು ಪೇಪರನ್ನು ಮೊದಲಿನ ಮಡಿಕೆಯಂತೆಯೇ ಮಡಚಿ ನನ್ನ ಕಡೆ ಚಾಚಿದ, ಲಾಳಿ ಕೈಗೆ ತೆಗೆದುಕೊಂಡ. ಮಗ್ಗ ಮತ್ತೆ ಶುರುವಾಯಿತು. ಹೆಂಡತಿ ಚಹಾ ತಂದಿಟ್ಟಳು, ಸಕ್ಕರೆ ಹೆಚ್ಚು ಹಾಕಿದ್ದಳು. ನಾನು ನಿಂತೇ ಕುಡಿದು, ಬಟ್ಟಲು ಕಟ್ಟೆಯ ಮೇಲಿಟ್ಟು, ಮೋಟಾರು ನಿಲ್ಲುವ ಕಡೆ ನಡೆದೆ.